ಟೈಂಪಾಸ್ ಅಂದವರಿಗೆ ಒಂದು ಉತ್ತರ

ಹೋದ ವರ್ಷ ಕಾರ್ಕಳದ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಸಂಬಂಧದಲ್ಲಿ ನನಗೆ ಭಾವ ಆಗಬೇಕು. ಎಲೆಗೆ ಅನ್ನ ಬೀಳುವ ಮೊದಲೇ ಕೇಳಿದರು, "ರಿಟೈರ್ ಆಯ್ತಲ್ಲ ಭಾವ, ಈಗ ಟೈಂಪಾಸ್‌ಗೆ ಎಂತ ಮಾಡ್ತೀರಿ?"

ಇದ್ದದ್ದು ಹೇಳಿದೆ. ಗೋರೆಗಾಂವ್‌ನಲ್ಲಿ ಭಾನುವಾರ ಸಂಜೆ ನಾವು ಹತ್ತು ಹನ್ನೊಂದು ಜನ ಸೇರಿ ತಾಳಮದ್ದಳೆ ಮಾಡ್ತೇವೆ. ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಸಣ್ಣ ಕೋಣೆ ಉಂಟು. ಅದರಲ್ಲಿ ಒಂದು ಕೇರಂ ಬೋರ್ಡು, ಎರಡು ಕಪಾಟು ಕನ್ನಡ ಪುಸ್ತಕ. ಕಪಾಟಿನ ಬೀಗದ ಕೈ ನನ್ನ ಹತ್ತಿರ ಇರ್ತದೆ. ಬೇಕಾದವರಿಗೆ ಪುಸ್ತಕ ಕೊಡೋದು, ವಾಪಸ್ ತಕ್ಕೊಳ್ಳೋದು, ವಾಪಸ್ ಬಾರದಿದ್ದರೆ ಅವರ ಮನೆಗೆ ಹೋಗಿ ಚಹಾ ಕುಡಿದು ತರೋದು. ಇದು ನನ್ನ ಕೆಲಸ ಅಂದೆ.

ಅವರು ನಕ್ಕರು. "ಅದೆಲ್ಲ ಪುರುಸೊತ್ತು ಇದ್ದವರ ಕೆಲಸ ಬಿಡಿ. ಮುಂಬೈಯಲ್ಲಿ ಕೂತು ಕನ್ನಡ ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಆ ಹೊತ್ತಿನಲ್ಲಿ ಎರಡು ಅಂಗಡಿಯ ಲೆಕ್ಕ ಬರೆದುಕೊಟ್ಟರೆ ಕೈಗೆ ನಾಲ್ಕು ಕಾಸಾದರೂ ಬರ್ತದೆ. ಎಂಕಾಂ ಓದಿದವರು ನೀವು!"

ಅಷ್ಟರಲ್ಲಿ ಸಾರು ಬಂತು. ಮದುವೆ ಎಲೆಯ ಮುಂದೆ ಜಗಳ ಮಾಡಬಾರದು ಅಂತ ನನ್ನ ತಾಯಿ ಕಲಿಸಿದ್ದಾರೆ. ಸುಮ್ಮನೆ ಉಂಡು ಎದ್ದೆ. ಆದರೆ ಆ ಮಾತು ರೈಲಿನಲ್ಲಿ ನನ್ನ ಜತೆಗೇ ಮುಂಬೈವರೆಗೆ ಬಂತು. ಅವತ್ತು ಕೊಡದ ಉತ್ತರವನ್ನು ಇವತ್ತು ಇಲ್ಲಿ ಕೊಡುತ್ತಿದ್ದೇನೆ. ಅವರೊಬ್ಬರಿಗೇ ಅಂತ ತಿಳಿಯಬೇಡಿ. ಊರಿಗೆ ಬಂದಾಗಲೆಲ್ಲ ಇದೇ ಮಾತನ್ನು ಒಬ್ಬರಲ್ಲ ಒಬ್ಬರ ಬಾಯಲ್ಲಿ ಕೇಳಿಸಿಕೊಂಡು ನನ್ನ ಕಿವಿ ತೂತಾಗಿದೆ.

ಮೊದಲು ಈ 'ಟೈಂಪಾಸ್' ಎನ್ನುವ ಶಬ್ದವನ್ನೇ ನೋಡುವ. ಮುಂಬೈ ಲೋಕಲ್ ಟ್ರೇನಿನಲ್ಲಿ, ಚೌಪಾಟಿಯಲ್ಲಿ ನೆಲಗಡಲೆ ಮಾರುವವರು 'ಟೈಂಪಾಸ್, ಟೈಂಪಾಸ್' ಅಂತಲೇ ಕೂಗುತ್ತಾರೆ. ಕಾಗದದ ಸಣ್ಣ ಪೊಟ್ಟಣ. ಅಂಧೇರಿಯಲ್ಲಿ ತಿನ್ನಲು ಸುರು ಮಾಡಿದರೆ ದಾದರ್ ಬರುವಾಗ ಮುಗಿಯುತ್ತದೆ, ಸಿಪ್ಪೆ ಮಾತ್ರ ಉಳಿಯುತ್ತದೆ. ನೆಲಗಡಲೆಗೆ ಆ ಹೆಸರು ಸರಿಯಾಗಿಯೇ ಉಂಟು. ಹೊತ್ತು ಹೋಗಲಿ ಅಂತ ತಿನ್ನುವ ವಸ್ತು ಅದು. ಆದರೆ ಮನುಷ್ಯ ಇಷ್ಟಪಟ್ಟು, ನಿದ್ದೆ ಬಿಟ್ಟು, ಕೈಯಿಂದ ದುಡ್ಡು ಹಾಕಿ ಮಾಡುವ ಕೆಲಸಕ್ಕೂ ಅದೇ ಹೆಸರು ಇಟ್ಟರೆ ಹೇಗೆ ಸ್ವಾಮಿ? ಹವ್ಯಾಸ ಅಂತ ನಮ್ಮಲ್ಲೇ ಒಂದು ಒಳ್ಳೆಯ ಶಬ್ದ ಉಂಟಲ್ಲ?

ಪುರುಸೊತ್ತು ಇದ್ದವರ ಕೆಲಸ ಅಂದರಲ್ಲ, ಆ ಪುರುಸೊತ್ತಿನ ಲೆಕ್ಕವನ್ನೂ ಮಾಡಿಯೇ ಬಿಡುವ. ಬ್ಯಾಂಕಿನವನು ನಾನು, ಲೆಕ್ಕ ಬಿಟ್ಟು ಮಾತಾಡಿ ಗೊತ್ತಿಲ್ಲ.

ನಾನು ಮುಂಬೈಗೆ ಬಂದದ್ದು 1983ರಲ್ಲಿ, ಕ್ಲಾರ್ಕ್ ಆಗಿ. ಗೋರೆಗಾಂವ್ ಪಶ್ಚಿಮದಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ. ಬ್ರಾಂಚು ಚರ್ಚ್‌ಗೇಟಿನ ಹತ್ತಿರ. ಸ್ಲೋ ಲೋಕಲ್ ಹಿಡಿದರೆ ಸುಮಾರು ಒಂದು ಗಂಟೆ ಹೋಗೋದಕ್ಕೆ, ಒಂದು ಗಂಟೆ ಬರೋದಕ್ಕೆ. ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 280 ದಿನ. ಪ್ರಮೋಶನ್ ಆಗಿ ಬೇರೆ ಊರುಗಳಲ್ಲಿ ಕಳೆದ ಆರು ವರ್ಷ ಬಿಟ್ಟು, ಮುಂಬೈಯ ಮೂವತ್ತು ವರ್ಷ ಹಿಡಿಯಿರಿ. 16,800 ಗಂಟೆ ನಾನು ರೈಲಿನಲ್ಲಿ ಕಳೆದಿದ್ದೇನೆ, ಅದರಲ್ಲೂ ಹೆಚ್ಚಿನದು ನಿಂತುಕೊಂಡೇ. ಇನ್ನು ತಾಳಮದ್ದಳೆ. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 104 ಗಂಟೆ, ಮೂವತ್ತೈದು ವರ್ಷಕ್ಕೆ 3,640 ಗಂಟೆ. ರೈಲಿನಲ್ಲಿ ಕಳೆದದ್ದರ ಕಾಲು ಭಾಗವೂ ಆಗಲಿಲ್ಲ!

ನೋಡಿ, ಆ 16,800 ಗಂಟೆಯ ಬಗ್ಗೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದು ದುಡಿಮೆಯ ಲೆಕ್ಕಕ್ಕೆ ಹೋಯಿತು. ಈ 3,640 ಗಂಟೆಗೆ ಮಾತ್ರ 'ಯಾಕೆ? ಎಂತಕ್ಕೆ? ಎಷ್ಟು ಸಿಗ್ತದೆ?' ಎನ್ನುವ ಆಡಿಟ್ ಅಬ್ಜೆಕ್ಷನ್.

ಪುರುಸೊತ್ತು ಯಾರಿಗಿತ್ತು ಅಂತ ಇನ್ನೂ ಹಿಂದೆ ಹೋಗಿ ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬೈಯಲ್ಲಿ ಸುರುವಾದದ್ದು 1902ರಲ್ಲಿ. ಮೈಸೂರು ಅಸೋಸಿಯೇಶನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಶನ್ 1932, ಕರ್ನಾಟಕ ಸಂಘ 1933. ಇವುಗಳನ್ನು ಕಟ್ಟಿದವರಲ್ಲಿ, ಅಲ್ಲಿಗೆ ಬಂದು ಸೇರಿದವರಲ್ಲಿ ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಕಾಲು ಚಾಚುವವರು ಎಷ್ಟು ಜನ ಇದ್ದರು? ಬೆಳಗ್ಗಿನ ಜಾವ ಎದ್ದು ಉಡುಪಿ ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬಿ, ಹಗಲಿಡೀ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋದ ಹುಡುಗರು ಅವರಲ್ಲಿ ಇದ್ದರು. ಹಗಲು ದುಡಿದು ರಾತ್ರಿ ಓದಿ ಮೆಟ್ರಿಕ್ ಮಾಡಿದವರು ನಮ್ಮ ಊರಿನಲ್ಲೇ ಬೇಕಾದಷ್ಟು ಮನೆಗಳಲ್ಲಿ ಸಿಗುತ್ತಾರೆ, ವಿಚಾರಿಸಿ. ಓದಿನ ಮೇಲೆ ವರ್ಷಕ್ಕೊಂದು ನಾಟಕ, ಯಕ್ಷಗಾನ, ಕೈಬರಹದ ಪತ್ರಿಕೆ ಬೇರೆ. ಪುರುಸೊತ್ತು ಇದ್ದು ಮಾಡಿದ್ದಲ್ಲ ಮಾರಾಯ್ರೇ ಅದು. ಇಲ್ಲದ ಪುರುಸೊತ್ತನ್ನು ನಿದ್ದೆಯಿಂದ ಕದ್ದು ಮಾಡಿದ್ದು. ಆ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಅಲ್ಲಿ ಹುಟ್ಟಿದ ಗೀಳು ಮಾತ್ರ ಬೇಗ ಹೋಗಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ನೀವು ಓದಿರಬಹುದು, 1979ರ ಕಾದಂಬರಿ. ನಾನು ಅದನ್ನು ಓದಿದ್ದೇ ಗೋರೆಗಾಂವ್–ಚರ್ಚ್‌ಗೇಟ್ ಲೋಕಲ್‌ನಲ್ಲಿ, ಮೇಲಿನ ಹಿಡಿಯಲ್ಲಿ ಒಂದು ಕೈ, ಪುಸ್ತಕದಲ್ಲಿ ಒಂದು ಕೈ. ಅದನ್ನು ಬರೆದವರು ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1983ರಲ್ಲಿ, ಅಂದರೆ ನಾನು ಟ್ರಂಕು ಹೊತ್ತು ಬಂದ ವರ್ಷವೇ, ಅವರ 'ಕಥೆಯಾದಳು ಹುಡುಗಿ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರು ಬಯೋಕೆಮಿಸ್ಟ್ ಆಗಿ ಔಷಧ ಕಂಪೆನಿಯಲ್ಲಿ ದುಡಿಯುತ್ತಿದ್ದವರು. ಅವರ ಮುಂಬೈ ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು, ಆ ಪುಸ್ತಕಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು. ಇವರಿಗೆ ಸಂಬಳ ಬಂದದ್ದು ರಸಾಯನಶಾಸ್ತ್ರದಿಂದ. ಕನ್ನಡ ಓದುಗರಿಗೆ ಸಿಕ್ಕಿದ್ದು ಸಂಬಳ ಬಾರದ ಹೊತ್ತಿನಲ್ಲಿ ಅವರು ಮಾಡಿದ್ದು. ಅವರ ಮನೆಗೂ ಯಾರಾದರೂ ಭಾವ ಬಂದು, 'ಆ ಹೊತ್ತಿನಲ್ಲಿ ಎರಡು ಅಂಗಡಿಯ ಲೆಕ್ಕ ಬರೆಯಬಹುದಿತ್ತಲ್ಲ' ಅಂತ ಬುದ್ಧಿ ಹೇಳಿ, ಅವರೂ ಹೌದೆಂದು ಒಪ್ಪಿದ್ದರೆ ನಮ್ಮ ಗತಿ ಏನು?

ನೀವೆಲ್ಲ ಚಿತ್ತಾಲರಾ ಅಂತ ಕೇಳಬಹುದು. ಅಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ದರ್ಜಿ, ಇಬ್ಬರು ಹೋಟೆಲಿನವರು, ಒಬ್ಬ ರಿಕ್ಷಾ ಓಡಿಸುವವರು, ನಾವು ಮೂವರು ಬ್ಯಾಂಕಿನವರು, ಉಳಿದವರು ಅಲ್ಲಿ ಇಲ್ಲಿ ದುಡಿದವರು. ತಾಳಮದ್ದಳೆಯ ಲಾಭವೇನೆಂದರೆ ಅದಕ್ಕೆ ವೇಷ ಬೇಡ, ಬಣ್ಣ ಬೇಡ, ರಂಗಸ್ಥಳ ಬೇಡ. ಭಾಗವತರೊಬ್ಬರು, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಭಾಗವತರು ಪದ್ಯ ಹೇಳುತ್ತಾರೆ, ಅದರ ಅರ್ಥವನ್ನು ಪಾತ್ರವೇ ಆಗಿ ನಿಂತಲ್ಲೇ ಕಟ್ಟಿ ಹೇಳಬೇಕು. ಬರೆದಿಟ್ಟ ಡೈಲಾಗು ಇಲ್ಲ. ಎದುರಿನವರು ಏನು ಕೇಳ್ತಾರೋ ಗೊತ್ತಿಲ್ಲ. ವಾಲಿಯ ಅರ್ಥ ಹೇಳುವವನು ರಾಮನನ್ನು, 'ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?' ಅಂತ ಹಿಡಿದು ನಿಲ್ಲಿಸಿದಾಗ ರಾಮನ ಕಡೆಯವನು ಅಲ್ಲೇ ಉತ್ತರ ಕೊಡಬೇಕು. ನಮ್ಮ ದರ್ಜಿ ಓದಿದ್ದು ಏಳನೇ ಕ್ಲಾಸು. ಅವರು ವಾಲಿಯಾಗಿ ಕೂತರೆ ಎಂಕಾಂ ಓದಿದ ಈ ರಾಮನಿಗೆ ಬೆವರು ಬಿಡುತ್ತದೆ. ವಾರವಿಡೀ ಹೊಲಿಗೆ ಮೆಶಿನಿನ ಮುಂದೆ ಕೂತು ಅವರು ಆ ಪ್ರಶ್ನೆಗಳನ್ನು ಕತ್ತರಿಸಿ ಹೊಲಿಯುತ್ತಾ ಇರ್ತಾರೆ ಅಂತ ನನ್ನ ಗುಮಾನಿ.

ನನ್ನ ಮಗ ಇಂಗ್ಲಿಷ್ ಶಾಲೆಗೆ ಹೋದವನು. ರಸ್ತೆಯಲ್ಲಿ ಹಿಂದಿ, ಗೆಳೆಯರ ಜತೆ ಮರಾಠಿ. ಮನೆಯಲ್ಲಿ ನಾವು ಆಡುವ ಕನ್ನಡ ಎಂದರೆ 'ಊಟ ಆಯ್ತಾ, ಫ್ಯಾನ್ ಆಫ್ ಮಾಡು, ಹಾಲು ತಾ', ಇಷ್ಟೇ ಅಲ್ಲವಾ? ಅದರಲ್ಲಿ ಭಾಷೆ ಎಷ್ಟು ಬೆಳೆಯುತ್ತದೆ? ಅವನಿಗೆ 'ಪ್ರತಿಜ್ಞೆ', 'ಋಣ', 'ಅವಮಾನ' ಎಂಬ ಶಬ್ದಗಳು ಸಿಕ್ಕಿದ್ದು ಕರ್ಣನ ಬಾಯಿಂದ, ಆ ಕೆಳಗಿನ ಕೋಣೆಯಲ್ಲಿ. ಜಮಖಾನದ ಮೇಲೆ ನಿದ್ದೆ ಹೋಗುತ್ತ ಕೇಳಿಸಿಕೊಂಡದ್ದು. ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದಾಗ ಕನ್ನಡದಲ್ಲೇ ಜಗಳ ಮಾಡುತ್ತಾನೆ. ಜಗಳ ಮಾಡುವಷ್ಟು ಭಾಷೆ ಬಂದರೆ ಆ ಭಾಷೆ ಬಂದ ಹಾಗೆ.

ಇಲ್ಲಿ ಬ್ಯಾಂಕಿನ ಒಂದು ವಿಷಯ ಹೇಳಬೇಕು. ಒಂದು ಉಳಿತಾಯ ಖಾತೆಯಲ್ಲಿ ಎರಡು ವರ್ಷ ಗ್ರಾಹಕರು ಏನೂ ವ್ಯವಹಾರ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆ. ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. 2014ರಿಂದ ಹೀಗೆ ನಿಯಮ. ಆಮೇಲೆ ವಾರಸುದಾರರು ಕಾಗದಪತ್ರ ಹಿಡಿದುಕೊಂಡು ಬಂದರೆ ಹಣ ವಾಪಸ್ ಸಿಗುತ್ತದೆ. ಬ್ಯಾಂಕಿನಲ್ಲಿ ಸಿಗುತ್ತದೆ ಸ್ವಾಮಿ. ಹತ್ತು ವರ್ಷ ಮುಟ್ಟದೆ ಇಟ್ಟ ಭಾಷೆಯನ್ನು ಯಾವ ಕೌಂಟರಿನಲ್ಲಿ ಹೋಗಿ ಕೇಳುತ್ತೀರಿ?

ಊರಿನಲ್ಲಿ ಇದ್ದವರಿಗೆ ಇದು ಗೊತ್ತಾಗುವುದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ನಿಮಗೆ ಬಸ್ಸಿನ ಬೋರ್ಡು ಕನ್ನಡ, ಪಂಚಾಯತಿನ ನೋಟೀಸು ಕನ್ನಡ, ಮೀನು ಮಾರುವವರ ಜತೆ ಚೌಕಾಸಿ ಮಾಡಿದರೂ ತುಳುವೋ ಕನ್ನಡವೋ. ನಿಮ್ಮ ಖಾತೆಯಲ್ಲಿ ನೀವು ಮಲಗಿದ್ದರೂ ಜಮೆ ಆಗುತ್ತಾ ಇರ್ತದೆ. ನಮ್ಮದು ಹಾಗಲ್ಲ. ನಾವೇ ಎದ್ದು ಹೋಗಿ ಹಾಕಬೇಕು.

ನಮ್ಮ ಸಿಂಡಿಕೇಟ್ ಬ್ಯಾಂಕಿನವರ ಪಿಗ್ಮಿ ಠೇವಣಿ ನಿಮಗೆ ನೆನಪಿರಬಹುದು. 1928ರಲ್ಲಿ ಸುರು ಮಾಡಿದ್ದು. ದಿನಕ್ಕೆ ಎರಡಾಣೆ, ಏಜೆಂಟರು ಮನೆ ಬಾಗಿಲಿಗೆ ಬಂದು ವಸೂಲು ಮಾಡುತ್ತಿದ್ದರು. ಎರಡಾಣೆ ಎಂದರೆ ಏನೂ ಅಲ್ಲ ಅಂತ ನಕ್ಕವರು ಆಗಲೂ ಇದ್ದಿರಬೇಕು. ವರ್ಷಕ್ಕೆ 45 ರೂಪಾಯಿ ಹತ್ತಾಣೆ ಆಗುತ್ತದೆ, ಬಡವನ ಮನೆಗೆ ಆ ಕಾಲದಲ್ಲಿ ಅದು ಗಂಟು. ನಮ್ಮ ಭಾನುವಾರದ ಎರಡು ಗಂಟೆಯೂ ಅಷ್ಟೇ, ಪಿಗ್ಮಿ ಠೇವಣಿ.

ಬ್ಯಾಂಕಿನ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ನಮ್ಮ ಕಾಲದಲ್ಲಿ ಇವು ಶಾಶ್ವತ ಅಂತ ನಂಬಿದ್ದೆವು. 'ಬ್ಯಾಂಕಿನ ಕೆಲಸ ಇರುವಾಗ ಹವ್ಯಾಸ ಗಿವ್ಯಾಸ ಎಂತಕ್ಕೆ?' ಅಂತ ಹಿರಿಯರು ಬೈದದ್ದೂ ಆ ನಂಬಿಕೆಯಿಂದಲೇ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ. ಐದರಲ್ಲಿ ಮೂರು ಬೋರ್ಡು ಇಳಿಯಿತು. ಜೀವಮಾನ ಇಡೀ ಸಹಿ ಹಾಕಿದ ಹೆಸರು ಒಂದು ಬೆಳಿಗ್ಗೆ ಇಲ್ಲ. ಆವತ್ತು ನಮ್ಮಲ್ಲಿ ಎಷ್ಟೋ ಜನ ರಿಟೈರ್ ಆದ ಮುದುಕರು ಮಕ್ಕಳ ಹಾಗೆ ಅತ್ತಿದ್ದಾರೆ. ಆ ಭಾನುವಾರಗಳಲ್ಲಿ ಕೂತು ಮಾತಾಡಲಿಕ್ಕೆ ಒಂದು ಗುಂಪು ಇದ್ದವರು ಬೇಗ ಸುಧಾರಿಸಿಕೊಂಡರು. ಕೆಲಸವನ್ನು ಬಿಟ್ಟು ಬೇರೆ ಏನೂ ಇಟ್ಟುಕೊಳ್ಳದವರು ಇವತ್ತಿಗೂ ಹಳೆಯ ಬ್ರಾಂಚಿನ ಎದುರು ಹಾದುಹೋಗುವಾಗ ನಿಂತುಬಿಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಇದಕ್ಕೆ ವಿರುದ್ಧದ ಒಂದು ಜಾತಿ ಉಂಟು. ಅವರಿಗೆ ಹವ್ಯಾಸ ಬೇಕು, ಆದರೆ ಸರ್ಟಿಫಿಕೇಟ್ ಸಮೇತ. ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಸೋಮವಾರ ಕೀಬೋರ್ಡ್ ಕ್ಲಾಸು, ಬುಧವಾರ ಚೆಸ್ ಕ್ಲಾಸು, ಶನಿವಾರ ಚಿತ್ರಕಲೆ. ಒಂದೊಂದಕ್ಕೂ ಫೀಸು, ಪರೀಕ್ಷೆ, ಮೆಡಲು. ಒಬ್ಬ ಒಂಬತ್ತು ವರ್ಷದ ಹುಡುಗ ಲಿಫ್ಟಿನಲ್ಲಿ ನನ್ನನ್ನು ಕೇಳಿದ, "ಅಜ್ಜ, ನೀವು ತಾಳಮದ್ದಳೆಯಲ್ಲಿ ಎಷ್ಟನೇ ಲೆವೆಲ್?" ಏನು ಹೇಳಲಿ? ಈ ಮಗುವಿಗೆ ಇಷ್ಟದ ಕೆಲಸ ಎಂಬುದೇ ಇನ್ನೊಂದು ಶಾಲೆ ಆಗಿಬಿಟ್ಟಿದೆ.

ನಮ್ಮವರದೇ ತಪ್ಪನ್ನೂ ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಮುಂಬೈ ಕನ್ನಡಿಗರ ಎಷ್ಟೋ ಕಾರ್ಯಕ್ರಮಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣಕ್ಕೆ ಎರಡು ಗಂಟೆ. ನಾಟಕಕ್ಕೆ ಉಳಿಯೋದು ಮುಕ್ಕಾಲು ಗಂಟೆ, ಅಷ್ಟರಲ್ಲಿ ಕೊನೆಯ ಫಾಸ್ಟ್ ಟ್ರೇನು ನೆನಪಾಗಿ ಅರ್ಧ ಸಭೆ ಖಾಲಿ. ಮುಖಕ್ಕೆ ಬಣ್ಣ ಹಚ್ಚಿ ಕಾದು ಕೂತ ಹುಡುಗರನ್ನು ಆಗ ನೋಡಬೇಕು. ಸನ್ಮಾನವನ್ನೇ ಹವ್ಯಾಸ ಮಾಡಿಕೊಂಡವರಿಗೆ ನನ್ನ ವಕಾಲತ್ತು ಇಲ್ಲ.

ಇಷ್ಟು ಬರೆದು, ಬಹಳ ಚೆನ್ನಾಗಿ ಬಂದಿದೆ ಅಂತ ನನಗೇ ಅನ್ನಿಸಿ, ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಆ 3,640 ಗಂಟೆ ನೀವು ಕೆಳಗೆ ಇದ್ದಾಗ ಮೇಲೆ ಮನೆಯಲ್ಲಿ ಯಾರಿದ್ದರು?"

ಇದಕ್ಕೆ ರಾಮನ ಹತ್ತಿರವೂ ಉತ್ತರ ಇಲ್ಲ.

ಅವಳೂ ಫೋರ್ಟಿನ ಒಂದು ಆಫೀಸಿನಲ್ಲಿ ಹದಿನೆಂಟು ವರ್ಷ ದುಡಿದವಳು. ನನ್ನದೇ ರೈಲು, ಡಬ್ಬಿ ಬೇರೆ. 1992ರ ಮೇ 5ರಂದು ಚರ್ಚ್‌ಗೇಟಿನಿಂದ ಬೋರಿವಲಿಗೆ ಹೆಂಗಸರಿಗೇ ಅಂತ ಲೇಡೀಸ್ ಸ್ಪೆಷಲ್ ಬಿಟ್ಟಾಗ ಅವಳಿಗೆ ಎಷ್ಟು ಸಂತೋಷವಾಗಿತ್ತು ಅಂತ ನೆನಪಿದೆ. ಗಂಡಸರ ಡಬ್ಬಿಯಲ್ಲಿ ಸಂಜೆ ನಾವು ಏನು ಮಾಡುತ್ತಿದ್ದೆವು? ನಾಲ್ಕು ಜನರ ಮೊಣಕಾಲ ಮೇಲೆ ಬ್ರೀಫ್‌ಕೇಸ್ ಇಟ್ಟು ರಮ್ಮಿ. ಇನ್ನೊಂದು ಮೂಲೆಯಲ್ಲಿ ತಾಳ ಹಿಡಿದು ಭಜನೆ. ಹೆಂಗಸರ ಡಬ್ಬಿಯಲ್ಲಿ? ಬಟಾಣಿ ಸುಲಿಯೋದು, ಬೀನ್ಸ್ ಹೆಚ್ಚೋದು, ಮೆಂತೆ ಸೊಪ್ಪು ಬಿಡಿಸೋದು. ಗೋರೆಗಾಂವ್ ಬರುವಾಗ ರಾತ್ರಿಯ ಪಲ್ಯ ತಯಾರು. ಪತ್ರಿಕೆಯವರು ಅದರ ಫೋಟೋ ತೆಗೆದು 'ಮುಂಬೈ ಮಹಿಳೆಯರ ಜಾಣ್ಮೆ' ಅಂತ ಹಾಕುತ್ತಿದ್ದರು, ನಾವೂ ಮೆಚ್ಚಿ ಓದುತ್ತಿದ್ದೆವು. ಒಂದೇ ರೈಲು, ಒಂದೇ ಗಂಟೆ. ನಮಗೆ ಆಟ, ಅವರಿಗೆ ಅಡಿಗೆ.

ಕೇಂದ್ರ ಸರಕಾರದ ಅಂಕಿಸಂಖ್ಯೆ ಇಲಾಖೆ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿದೆ. 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ನೋಡಿದಾಗ ಹೆಂಗಸರದು 289, ಗಂಡಸರದು 88. ಐದು ವರ್ಷದಲ್ಲಿ ಹೆಂಗಸರಿಗೆ ಸಿಕ್ಕ ಬಿಡುಗಡೆ ಹತ್ತು ನಿಮಿಷ. ಗಂಡಸರು ಅಷ್ಟರಲ್ಲೂ ಒಂಬತ್ತು ನಿಮಿಷ ತಮಗೆ ಉಳಿಸಿಕೊಂಡಿದ್ದಾರೆ! ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಕೈಯೇ ಹಾಕದವರು ಇದರಲ್ಲಿ ಇಲ್ಲ. 289 ನಿಮಿಷವನ್ನು ವರ್ಷಕ್ಕೆ ಗುಣಿಸಿದರೆ 1,758 ಗಂಟೆ. ನನ್ನ ತಾಳಮದ್ದಳೆ ವರ್ಷಕ್ಕೆ 104 ಗಂಟೆ.

ಜಮಾಖರ್ಚಿನ ಮೊದಲ ಪಾಠ, ಒಂದು ಕಡೆ ಜಮೆ ಆದರೆ ಇನ್ನೊಂದು ಕಡೆ ಖರ್ಚು ಬಿದ್ದಿರಲೇಬೇಕು. ನನ್ನ ಹವ್ಯಾಸದ ಜಮೆಯನ್ನು ಇಷ್ಟು ಪುಟ ಜಂಬದಿಂದ ಬರೆದೆನಲ್ಲ, ಅದರ ಖರ್ಚು ಯಾರ ಖಾತೆಗೆ ಬಿದ್ದಿದೆ ಅಂತ ಎಂಕಾಂ ಓದಿದವನು ಮೂವತ್ತೈದು ವರ್ಷ ನೋಡಲಿಲ್ಲ.

ಅವಳು ತವರಿನಿಂದ ಒಂದು ಹಾರ್ಮೋನಿಯಂ ತಂದಿದ್ದಳು. ಮದುವೆಗೆ ಮೊದಲು ಭಜನೆಗೆ ಬಾರಿಸುತ್ತಿದ್ದಳು. ಮಗು ಹುಟ್ಟಿದ ಮೇಲೆ ಜಾಗ ಇಲ್ಲ ಅಂತ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿದ್ದು ನಾನೇ. ನಾನು ರಿಟೈರ್ ಆದ ಮೇಲೆ, 2019ರ ದೀಪಾವಳಿಯ ಹೊತ್ತಿಗೆ ಅಟ್ಟ ಖಾಲಿ ಮಾಡುವಾಗ ಅದು ಕೆಳಗೆ ಬಂತು. ತಿದಿಯನ್ನು ಇಲಿ ತಿಂದಿತ್ತು. ಅವಳು ಒಂದು ಮನೆ ಒತ್ತಿ ನೋಡಿದಳು, ಸ್ವರ ಬರಲಿಲ್ಲ. "ಪರವಾಗಿಲ್ಲ ಬಿಡಿ" ಅಂದಳು. ಆ 'ಪರವಾಗಿಲ್ಲ' ನನಗೆ ಊರಿನ ಭಾವನ 'ಟೈಂಪಾಸ್'ಗಿಂತ ಜೋರಾಗಿ ತಾಗಿತು. ಅವರು ಬಾಯಲ್ಲಿ ಹೇಳಿದ್ದನ್ನು ನಾನು ಇಷ್ಟು ವರ್ಷ ನನ್ನ ಮನೆಯಲ್ಲೇ ಮಾಡಿ ತೋರಿಸಿದ್ದೆ. ನನ್ನದು ಹವ್ಯಾಸ, ಅವಳದ್ದು ಅಟ್ಟದ ಸಾಮಾನು.

ರಿಪೇರಿ ಮಾಡಿಸಿದೆವು. ಈಗ ಮಂಗಳವಾರ, ಶುಕ್ರವಾರ ನಾಲ್ಕರಿಂದ ಆರರವರೆಗೆ ಅವಳು ಭಜನೆಗೆ ಹೋಗುತ್ತಾಳೆ. ಆ ದಿನ ರಾತ್ರಿಯ ಅಡಿಗೆ ನನ್ನದು. ಸಾರಿಗೆ ಉಪ್ಪು ಇನ್ನೂ ಹಿಡಿತಕ್ಕೆ ಬಂದಿಲ್ಲ. ಇದರಿಂದ ಹಳೆಯ ಸಾಲ ತೀರಿತು ಅಂತ ಹೇಳುವಷ್ಟು ನಾಚಿಕೆ ಬಿಟ್ಟವನಲ್ಲ ನಾನು. ಬಡ್ಡಿಯೂ ತೀರಿಲ್ಲ.

ಹಾಗಾಗಿ ನನ್ನ ವಾದವನ್ನು ತಿದ್ದಿ ಹೇಳುತ್ತೇನೆ. ಹವ್ಯಾಸ ಎಂಬುದು ಪುರುಸೊತ್ತು ಇದ್ದವರ ಚಟ ಅಲ್ಲ, ಅದು ಅನ್ನದಷ್ಟೇ ಅಗತ್ಯ. ಅಗತ್ಯ ಅಂತ ಒಪ್ಪಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಬಡಿಸಬೇಕು. ನೀವು ಗೆಳೆಯರ ಜತೆ ಕೂತ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಇನ್ನೊಬ್ಬರಿಗೂ ಒಂದು ಹೊತ್ತು ಬಿಟ್ಟುಕೊಟ್ಟಿದ್ದೀರಾ? ಇಲ್ಲದಿದ್ದರೆ ನಿಮ್ಮ ಯಕ್ಷಗಾನ, ಸಾಹಿತ್ಯ, ಕ್ರಿಕೆಟ್ಟು ಎಲ್ಲವೂ ಕದ್ದ ಮಾಲು.

ಕೊನೆಗೆ ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳಬೇಕು. ನಮ್ಮ ಬಿಲ್ಡಿಂಗಿಗೆ ನಲವತ್ತು ವರ್ಷ ದಾಟಿತು. ಗೋರೆಗಾಂವ್‌ನಲ್ಲಿ ಈಗ ಎಲ್ಲಿ ನೋಡಿದರೂ ಹಳೆಯ ನಾಲ್ಕು ಮಾಳಿಗೆ ಒಡೆದು ಇಪ್ಪತ್ತು ಮಾಳಿಗೆ ಏರಿಸುವ ಕೆಲಸ. ನಮ್ಮದೂ ಆ ಸಾಲಿನಲ್ಲಿ ನಿಂತಿದೆ. ಹೊಸ ನಕ್ಷೆಯಲ್ಲಿ ಜಿಮ್ ಉಂಟು, ಕಾರು ನಿಲ್ಲಿಸಲು ಮೂರು ಅಂತಸ್ತು ಉಂಟು. ನಮ್ಮ ಕೋಣೆ ಇಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದೆ. ಹತ್ತಡಿ ಉದ್ದ, ಹನ್ನೆರಡಡಿ ಅಗಲ, ಕೇವಲ 120 ಚದರ ಅಡಿ, ಪುಸ್ತಕಕ್ಕೂ ಕೇರಮ್ಮಿಗೂ ಮದ್ದಳೆಗೂ.

ಒಬ್ಬರು ಮೊಬೈಲ್ ತೆಗೆದು ಅಲ್ಲೇ ಗುಣಿಸಿದರು. "ಚದರ ಅಡಿಗೆ 25,000 ಅಂತ ಹಿಡಿದರೂ 30 ಲಕ್ಷ ಆಯ್ತು ಸಾರ್. ಟೈಂಪಾಸ್‌ಗೆ 30 ಲಕ್ಷವಾ? ಪುಸ್ತಕ ರದ್ದಿಯವನಿಗೆ ಕೊಡಿ."

ಹಾಗೆ ಹೇಳಿದವರು ಕನ್ನಡಿಗರು. ಅದನ್ನೂ ಕನ್ನಡದಲ್ಲೇ ಹೇಳಿದರು. ನನ್ನ ಪರವಾಗಿ ಎದ್ದು ಮಾತಾಡಿದವರು ಮೂರನೇ ಮಾಳಿಗೆಯ ಮರಾಠಿ ಅಜ್ಜಿ. "ನನಗೆ ಆ ಪುಸ್ತಕದ ಒಂದು ಅಕ್ಷರವೂ ಓದಲು ಬರುವುದಿಲ್ಲ. ಆದರೆ ಭಾನುವಾರ ಸಂಜೆ ಆ ಸದ್ದು ಕೇಳದಿದ್ದರೆ ಯಾರಿಗಾದರೂ ಹುಷಾರಿಲ್ಲವೋ ಏನೋ ಅಂತ ಕೆಳಗೆ ಬಂದು ನೋಡುತ್ತೇನೆ" ಅಂದರು. ಕೋಣೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಮೀಟಿಂಗಿಗೆ ಇಟ್ಟಿದ್ದಾರೆ. ಕೈ ಎತ್ತಿಸಿ ಎಣಿಸುತ್ತಾರಂತೆ.

ಊರಿನ ಓದುಗರೇ, ಕೋಣೆಗೆ ಚಂದಾ ಕೊಡಿ ಅಂತ ಕೇಳುತ್ತಿಲ್ಲ. ನಮ್ಮ ಜಗಳ ನಾವೇ ಮಾಡಿಕೊಳ್ಳುತ್ತೇವೆ. ನಿಮ್ಮಲ್ಲಿ ಕೇಳುವುದು ಬೇರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೀರಿ, ರಸೀದಿ ತೆಗೆದು ನೋಡಿ. ಆ ಗ್ರಂಥಾಲಯದ ಬಾಗಿಲು ನೀವು ಕಡೆಯ ಸಲ ದಾಟಿದ್ದು ಯಾವಾಗ? ದುಡ್ಡು ಕಟ್ಟಿದ ಮೇಲೂ ಹೋಗದವರು ನೀವು. ಒಂದು ಕಪಾಟಿಗಾಗಿ 30 ಲಕ್ಷದ ಮಾತು ಕೇಳಿಸಿಕೊಳ್ಳುವವರು ನಾವು. ಇದರಲ್ಲಿ ಯಾರದ್ದು ಟೈಂಪಾಸು?

ಭಾವ, ನಿಮಗೂ ಒಂದು ಮಾತು. ಅಂಗಡಿಯ ಲೆಕ್ಕ ಬರೆಯುವುದು ಕೀಳು ಅಂತ ನಾನು ಹೇಳಲಿಲ್ಲ. ಮನೆಯಲ್ಲಿ ಕಷ್ಟ ಇದ್ದರೆ ಅದನ್ನೇ ಮಾಡಬೇಕು, ನಾನೂ ಮಾಡುತ್ತಿದ್ದೆ. ಆದರೆ ಪಿಂಚಣಿ ಬರುವವನು, ಹೊಟ್ಟೆಗೆ ಬಟ್ಟೆಗೆ ಇರುವವನು, ಉಳಿದ ಆಯುಷ್ಯವನ್ನೂ ಬಾಡಿಗೆಗೆ ಕೊಡಬೇಕು ಅಂತ ಯಾವ ಶಾಸ್ತ್ರದಲ್ಲಿ ಉಂಟು?

ಮುಂದಿನ ಸಲ ಮುಂಬೈಗೆ ಬಂದಾಗ ಗೋರೆಗಾಂವ್‌ನಲ್ಲಿ ಇಳಿಯಿರಿ. ಭಾನುವಾರ ಸಂಜೆ ಐದಕ್ಕೆ ಸುರು. ನಮ್ಮಲ್ಲಿ ಸುಗ್ರೀವನ ಪಾತ್ರಕ್ಕೆ ಒಬ್ಬರು ಕಡಿಮೆ ಇದ್ದಾರೆ, ನಿಮಗೆ ಮಾತು ಚೆನ್ನಾಗಿ ಬರುತ್ತದೆ. ಬರುವಾಗ ಸ್ಟೇಶನ್ನಿನಲ್ಲಿ ನೆಲಗಡಲೆ ಮಾತ್ರ ತಕ್ಕೊಂಡು ಬರಬೇಡಿ. ಸಿಪ್ಪೆ ಗುಡಿಸುವ ಪಾಳಿ ಈಗ ನನ್ನದು.